ಹೆಸರು ಆಕ್ಟೋಪಸ್ಸಿನದು, ಖರ್ಚು ನೀರಿನದು

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮಗಳಿಗೆ ಒಂಬತ್ತು ವರ್ಷ. ಅಕ್ವೇರಿಯಂಗೆ ಹೋದಾಗಲೆಲ್ಲ ಆಕ್ಟೋಪಸ್ ಇರುವ ಟ್ಯಾಂಕಿನ ಮುಂದೆ ನಿಂತುಬಿಡುತ್ತಾಳೆ, ಕರೆದರೂ ಬರುವುದಿಲ್ಲ. ಅಲ್ಲಿ ಪ್ರಾಣಿಗಳನ್ನು ದತ್ತು ಕೊಡುವ ಯೋಜನೆ ಇದೆ. ಒಂದು ವರ್ಷಕ್ಕೆ ಇಷ್ಟು ಎಂದು ಕಟ್ಟಿದರೆ ಪ್ರಮಾಣಪತ್ರ, ಫೋಟೊ, ಒಂದು ಮೆತ್ತನೆಯ ಗೊಂಬೆ ಕೊಡುತ್ತಾರೆ. ಇನ್ನೂ ಹೆಚ್ಚು ಕಟ್ಟಿದರೆ ಹೆಸರನ್ನೂ ಇಡಬಹುದಂತೆ. ಮಗಳು ಆಗಲೇ ಹೆಸರು ಆರಿಸಿಟ್ಟುಕೊಂಡಿದ್ದಾಳೆ. ನನ್ನ ಭಾವ ಮಾತ್ರ, "ಒಂದೇ ಪ್ರಾಣಿಯನ್ನ ನೂರು ಜನಕ್ಕೆ ದತ್ತು ಕೊಟ್ಟು ದುಡ್ಡು ಮಾಡ್ತಾರೆ, ಆ ದುಡ್ಡು ಅದರ ಹೊಟ್ಟೆಗೆ ಹೋಗೋದೇ ಇಲ್ಲ" ಅನ್ನುತ್ತಾರೆ. ನಿಜವೇ? ವರ್ಷದೊಳಗೆ ಅದು ಸತ್ತರೆ ಮಗಳಿಗೆ ಏನು ಹೇಳಲಿ? ಇನ್ನೊಂದು ಅಳುಕೂ ಇದೆ. ದುಡ್ಡು ಕೊಟ್ಟರೆ ಪ್ರಾಣಿಗಳನ್ನು ಕೂಡಿಹಾಕುವುದಕ್ಕೆ ನಾವೇ ಕುಮ್ಮಕ್ಕು ಕೊಟ್ಟಂತೆ ಆಗುವುದಿಲ್ಲವೇ?

ಉತ್ತರ: ನಿಮ್ಮ ಭಾವ ಹೇಳಿದ ಎರಡು ಮಾತೂ ಬಹುಮಟ್ಟಿಗೆ ನಿಜ. ಒಂದೇ ಪ್ರಾಣಿಗೆ ಹಲವರು ಪ್ರಾಯೋಜಕರಿರುತ್ತಾರೆ. ನೀವು ಕಟ್ಟಿದ ಹಣ ಸೀದಾ ಆ ಆಕ್ಟೋಪಸ್ಸಿನ ಹೊಟ್ಟೆಗೂ ಹೋಗುವುದಿಲ್ಲ. ಆದರೆ ಅಷ್ಟರಿಂದಲೇ ಇದು ಮೋಸ ಅನ್ನುವುದಾದರೆ ನಾನು ಒಪ್ಪುವುದಿಲ್ಲ. ನೀರಿನ ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸದಲ್ಲೇ ವೃತ್ತಿ ಕಳೆದವಳಾಗಿ, ಹಣ ಎಲ್ಲಿ ಕರಗುತ್ತದೆ ಎಂದು ಮೊದಲು ಹೇಳುತ್ತೇನೆ. ಅದು ಗೊತ್ತಾದರೆ ಯಾವ ಯೋಜನೆ ಒಳ್ಳೆಯದು, ಯಾವುದು ಬೇಡ ಅನ್ನುವುದನ್ನು ನೀವೇ ತೂಗಿ ನೋಡಬಹುದು.

ಮೊದಲು ‘ದತ್ತು’ ಎಂಬ ಮಾತಿನ ವಿಷಯ. ಅಕ್ವೇರಿಯಂಗಳಲ್ಲೂ ಮೃಗಾಲಯಗಳಲ್ಲೂ ಇದು ಸಾಂಕೇತಿಕ ದತ್ತು. ಪ್ರಾಣಿಯ ಮೇಲೆ ನಿಮಗೆ ಹಕ್ಕು ಬರುವುದಿಲ್ಲ, ಹೊಣೆಯೂ ಬರುವುದಿಲ್ಲ. ಈ ಪದ್ಧತಿ ಹೊಸದೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಲಂಡನ್ ಮೃಗಾಲಯ ತನ್ನ ಪ್ರಾಣಿಗಳನ್ನು ಸಾಕುವುದಕ್ಕೆ ಸಾರ್ವಜನಿಕರಿಂದ ಇದೇ ರೀತಿ ಹಣ ಕೂಡಿಸಿತು. ಆ ಯುದ್ಧ ಶುರುವಾದ 1939ರಲ್ಲಿ ಅಲ್ಲಿನ ಅಕ್ವೇರಿಯಂನ ನೀರನ್ನೇ ಬರಿದುಮಾಡಿ ಮುಚ್ಚಬೇಕಾಯಿತು ಅನ್ನುವುದು ನಮ್ಮ ವೃತ್ತಿಯವರು ಮರೆಯದ ಸಂಗತಿ. ಆನೆಗೋ ಸಿಂಹಕ್ಕೋ ಮೇವು, ಮಾಂಸ ಹೊಂದಿಸಿದರೆ ಹೇಗೋ ದಿನ ದೂಡಬಹುದು. ಮೀನಿಗೆ ಆಹಾರಕ್ಕಿಂತ ಮೊದಲು ನೀರು ಬೇಕು, ಮತ್ತು ಆ ನೀರನ್ನು ಹಗಲೂ ರಾತ್ರಿ ಜೀವಂತವಾಗಿ ಇಡಬೇಕು.

ಆಹಾರದ ಖರ್ಚು ಕಣ್ಣಿಗೆ ಕಾಣುವಂಥದ್ದು, ಅದಕ್ಕೇ ಜಾಹೀರಾತುಗಳಲ್ಲಿ ಯಾವಾಗಲೂ ಬಕೆಟ್ ತುಂಬ ಮೀನು ಹಿಡಿದ ಪ್ರಾಣಿಪಾಲಕರ ಚಿತ್ರ ಇರುತ್ತದೆ. ಅದೂ ಸಣ್ಣ ಕೆಲಸವಲ್ಲ. ಫ್ರೀಜರ್‌ನಿಂದ ಹಿಂದಿನ ದಿನವೇ ತೆಗೆದ ಮೀನು ಫ್ರಿಜ್ಜಿನಲ್ಲಿ ನಿಧಾನವಾಗಿ ಕರಗಬೇಕು. ಬೆಳಗ್ಗೆ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡುತ್ತೇವೆ: ಕಣ್ಣು ಗುಳಿಬಿದ್ದಿದೆಯೇ, ಹೊಟ್ಟೆ ಒಡೆದಿದೆಯೇ, ವಾಸನೆ ತಿರುಗಿದೆಯೇ. ಮನುಷ್ಯರು ತಿನ್ನಲಾಗದ ಮೀನನ್ನು ಪೆಂಗ್ವಿನ್‌ಗೂ ಕೊಡುವಂತಿಲ್ಲ. ಕೆಲವು ಜಾತಿಯ ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇರುತ್ತದೆ. ಶೇಖರಿಸಿಟ್ಟ ಮೀನಿನಲ್ಲಿ ಅದು ಬಿ1 ಜೀವಸತ್ವವನ್ನು ನಾಶಮಾಡುತ್ತ ಹೋಗುತ್ತದೆ. ಆ ಕೊರತೆ ಪ್ರಾಣಿಯ ನರಗಳನ್ನು ಕೆಡಿಸುವುದರಿಂದ, ಪೆಂಗ್ವಿನ್‌ಗೆ ಕೊಡುವ ಮೊದಲ ಮೀನಿನ ಕಿವಿರಿನೊಳಗೆ ಒಂದು ವಿಟಮಿನ್ ಮಾತ್ರೆ ತೂರಿಸಿ ಬಾಯಿಗಿಡುತ್ತೇವೆ. ಯಾರು ಎಷ್ಟು ಗ್ರಾಂ ತಿಂದರು, ಯಾರು ಮುಖ ತಿರುಗಿಸಿದರು ಅನ್ನುವುದು ಪುಸ್ತಕಕ್ಕೆ ಏರಬೇಕು. ಕಡಲ್ಗುದುರೆಗೆ ಹೊಟ್ಟೆ ಎಂಬ ಅಂಗವೇ ಇಲ್ಲ. ತಿಂದದ್ದು ನಿಲ್ಲದೆ ಸಾಗುವುದರಿಂದ ದಿನಕ್ಕೆ ಹಲವು ಬಾರಿ ಉಣಿಸಬೇಕು. ಕಡಲ ನೀರುನಾಯಿಯಂತೂ ಪ್ರತಿದಿನ ತನ್ನ ತೂಕದ ಕಾಲುಭಾಗದಷ್ಟು ತಿನ್ನುತ್ತದೆ. ಹಾಗಿದ್ದೂ ಒಟ್ಟು ಲೆಕ್ಕದಲ್ಲಿ ಆಹಾರ ಚಿಕ್ಕ ಪಾಲು. ಸಂಬಳ, ವಿದ್ಯುತ್ತು, ನೀರಿನ ವ್ಯವಸ್ಥೆ ಇವೇ ದೊಡ್ಡವು.

ಮೀನು ತನ್ನ ದೇಹದ ಕಲ್ಮಶದಲ್ಲಿ ಹೆಚ್ಚಿನದನ್ನು ಕಿವಿರಿನ ಮೂಲಕ ಅಮೋನಿಯಾ ರೂಪದಲ್ಲಿ ತಾನಿರುವ ನೀರಿಗೇ ಬಿಡುತ್ತದೆ. ಸಮುದ್ರದಲ್ಲಿ ಅದು ಕರಗಿಹೋಗುತ್ತದೆ, ಟ್ಯಾಂಕಿನಲ್ಲಿ ವಿಷವಾಗುತ್ತದೆ. ಫಿಲ್ಟರ್‌ನೊಳಗೆ ನೆಲೆಸಿದ ಬ್ಯಾಕ್ಟೀರಿಯಾ ಆ ಅಮೋನಿಯಾವನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಬದಲಿಸುತ್ತವೆ. ಈ ಬ್ಯಾಕ್ಟೀರಿಯಾಗಳಿಗೂ ಉಸಿರು ಬೇಕು. ಪಂಪ್ ನಿಂತು ಕೆಲವು ಗಂಟೆ ಕಳೆದರೆ ಮೀನುಗಳ ಜೊತೆ ಫಿಲ್ಟರ್‌ನೊಳಗಿನ ಈ ಜೀವಗಳೂ ಸಾಯತೊಡಗುತ್ತವೆ, ಆಮೇಲೆ ಪಂಪ್ ಚಾಲೂ ಮಾಡಿದರೂ ನೀರು ತಕ್ಷಣ ಸರಿಹೋಗುವುದಿಲ್ಲ. ಅದಕ್ಕಾಗಿ ಎರಡನೇ ಪಂಪ್, ಕರೆಂಟು ಹೋದರೆ ಜನರೇಟರ್, ರಾತ್ರಿ ಅಲಾರಂ ಬಡಿದರೆ ಓಡಿಬರುವ ಒಬ್ಬ ಮನುಷ್ಯ, ಇಷ್ಟೂ ಇರಲೇಬೇಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಕಡಲಿನಿಂದ ದೂರದ ಊರಿನಲ್ಲಿ 1 ಲಕ್ಷ ಲೀಟರಿನ ಟ್ಯಾಂಕನ್ನು ಒಮ್ಮೆ ತುಂಬಿಸಲು ಸುಮಾರು 3,500 ಕಿಲೋ ಲವಣ ಮಿಶ್ರಣ ಬೇಕು. ನೂರಕ್ಕೆ ಹತ್ತರಷ್ಟು ನೀರು ಬದಲಿಸಿದ ಪ್ರತಿ ಸಲವೂ ಮತ್ತೆ 350 ಕಿಲೋ. ಇಷ್ಟೆಲ್ಲದರ ಫಲವಾಗಿ ನೋಡುಗರಿಗೆ ಕಾಣುವುದು ಬರೀ ತಿಳಿನೀರು.

ನಿಮ್ಮ ಮಗಳ ಆಕ್ಟೋಪಸ್ಸಿಗೆ ಬರೋಣ. ಅದು ದೊಡ್ಡ ಪೆಸಿಫಿಕ್ ಆಕ್ಟೋಪಸ್ ಆಗಿದ್ದರೆ ತಣ್ಣನೆಯ ಕಡಲಿನ ಜೀವಿ, ನೀರು ಸುಮಾರು 8ರಿಂದ 12 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇರಬೇಕು. ಅಂದರೆ ನೀರು ತಣಿಸುವ ಯಂತ್ರ (ಚಿಲ್ಲರ್) ನಿಲ್ಲುವಂತಿಲ್ಲ. ಆಕ್ಟೋಪಸ್‌ಗಳು ಒಂದನ್ನೊಂದು ಸಹಿಸುವುದಿಲ್ಲ, ಹಿಡಿದು ತಿಂದುಬಿಡಬಹುದು, ಆದ್ದರಿಂದ ಒಬ್ಬಂಟಿಯಾಗಿ ಒಂದು ಪೂರ್ತಿ ಟ್ಯಾಂಕ್ ಬೇಕು. ಮೀನುಗಳ ಕೆಲವು ಪರಾವಲಂಬಿ ರೋಗಗಳಿಗೆ ನಾವು ತಾಮ್ರದ ಔಷಧ ಬಳಸುತ್ತೇವೆ. ಆಕ್ಟೋಪಸ್ಸಿನ ನೀಲಿ ರಕ್ತ ಆಮ್ಲಜನಕ ಹೊರುವುದು ತಾಮ್ರದ ನೆರವಿನಿಂದಲೇ, ಆದರೂ ನೀರಿನಲ್ಲಿ ಕರಗಿದ ತಾಮ್ರ ಅದಕ್ಕೆ ಪ್ರಾಣಾಂತಿಕ. ಹಾಗಾಗಿ ಅದರ ನೀರನ್ನು ಔಷಧ ಹಾಕುವ ಟ್ಯಾಂಕುಗಳ ನೀರಿನ ಜೊತೆ ಬೆರೆಸುವಂತಿಲ್ಲ. ಮುಚ್ಚಳ ಭದ್ರವಾಗಿರಬೇಕು. ನ್ಯೂಜಿಲೆಂಡಿನ ನ್ಯಾಷನಲ್ ಅಕ್ವೇರಿಯಂನಲ್ಲಿದ್ದ ಇಂಕಿ ಎಂಬ ಆಕ್ಟೋಪಸ್ ಟ್ಯಾಂಕಿನ ಮೇಲಿನ ಸಂದಿಯಿಂದ ಹೊರಬಂದು, ನೆಲದ ಮೇಲೆ ತೆವಳಿ, ಚರಂಡಿ ಕೊಳವೆಯೊಳಗೆ ಇಳಿದು ಸಮುದ್ರ ಸೇರಿದ ಸುದ್ದಿ 2016ರಲ್ಲಿ ಲೋಕಕ್ಕೆಲ್ಲ ಗೊತ್ತಾಯಿತು. ಜೊತೆಗೆ ಬುದ್ಧಿಗೆ ಕೆಲಸ ಬೇಕು. ಏಡಿಯನ್ನು ಡಬ್ಬಿಯೊಳಗಿಟ್ಟು ತಿರುಗಿಸಿ ತೆಗೆಯಲು ಕೊಡುತ್ತೇವೆ, ದಿನಾ ಒಂದೇ ಡಬ್ಬಿ ಕೊಟ್ಟರೆ ಅದಕ್ಕೆ ಬೇಸರ. ತಿನ್ನುವ ಏಡಿ, ಚಿಪ್ಪುಮೀನಿನ ಖರ್ಚು ಇವೆಲ್ಲದರ ಮುಂದೆ ಎಷ್ಟರದ್ದು?

ಹೀಗಿರುವಾಗ ಒಬ್ಬ ಪ್ರಾಯೋಜಕರ ವಾರ್ಷಿಕ ಹಣದಿಂದ ಒಂದು ಆಕ್ಟೋಪಸ್ಸನ್ನು ಸಾಕಲು ಆಗುವುದಿಲ್ಲ. ನೂರು ಜನ ಬೇಕಾಗುವುದು ಅದಕ್ಕೇ. ಒಳ್ಳೆಯ ಸಂಸ್ಥೆಗಳು "ಈ ಹಣ ಎಲ್ಲ ಪ್ರಾಣಿಗಳ ಪಾಲನೆಗೆ ಸಲ್ಲುತ್ತದೆ" ಎಂದು ಅರ್ಜಿಯಲ್ಲೇ ಬರೆದಿರುತ್ತವೆ. ಇದನ್ನು ನಾನು ದೋಷ ಎಂದು ನೋಡುವುದಿಲ್ಲ. ಜನ ಆರಿಸುವುದು ಪೆಂಗ್ವಿನ್, ನೀರುನಾಯಿ, ಕಡಲಾಮೆ, ಶಾರ್ಕುಗಳನ್ನು. ಕಡಲಸೌತೆಗೆ, ಗೋಡೆಗಂಟಿದ ಸ್ಪಂಜಿಗೆ, ಸಾವಿರಗಟ್ಟಲೆ ಒಟ್ಟಾಗಿ ತಿರುಗುವ ಬೂತಾಯಿ ಮೀನುಗಳಿಗೆ ಪ್ರಾಯೋಜಕರು ಸಿಗುವುದು ಅಪರೂಪ. ಹಣ ಆಯಾ ಪ್ರಾಣಿಯ ಹೆಸರಿಗೇ ಕಟ್ಟುಬಿದ್ದರೆ ಪೆಂಗ್ವಿನ್ ಖಾತೆಯಲ್ಲಿ ದುಡ್ಡು ಕೊಳೆಯುತ್ತದೆ, ಕ್ವಾರಂಟೈನ್ ಕೋಣೆಯ ಪಂಪ್ ಕೆಟ್ಟರೆ ರಿಪೇರಿಗೆ ಕಾಸಿರುವುದಿಲ್ಲ. ಮೋಸವಾಗುವುದು ಸಂಸ್ಥೆ ಇದನ್ನು ಮುಚ್ಚಿಟ್ಟಾಗ. "ಈ ಆಮೆಗೆ ನೀವೊಬ್ಬರೇ ಆಧಾರ" ಎಂದು ಹತ್ತು ಜನಕ್ಕೂ ಹೇಳಿದರೆ ಅದು ಸುಳ್ಳು, ಆಗ ನಿಮ್ಮ ಭಾವನ ಮಾತೇ ಸರಿ.

ಇನ್ನು ಹೆಸರು. ಇಟ್ಟ ಹೆಸರಿನಿಂದ ಪ್ರಾಣಿಗೆ ಕೇಡೇನೂ ಇಲ್ಲ, ಲಾಭವೂ ಇಲ್ಲ. ನಮ್ಮ ದಾಖಲೆಯಲ್ಲಿ ಅದಕ್ಕೊಂದು ಸಂಖ್ಯೆ ಇರುತ್ತದೆ. ದೊಡ್ಡ ಪ್ರಾಣಿಗಳಿಗೆ ಚರ್ಮದಡಿಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಚಿಪ್, ಪೆಂಗ್ವಿನ್‌ಗೆ ರೆಕ್ಕೆಯ ಬುಡದಲ್ಲಿ ಬಣ್ಣದ ಪಟ್ಟಿ, ಕೆಲವು ತೊರಕೆಗಳಿಗೂ ಶಾರ್ಕುಗಳಿಗೂ ಮೈಮೇಲಿನ ಚುಕ್ಕೆಗಳೇ ಗುರುತು. ತರಬೇತಿ ಕೊಟ್ಟ ಶಾರ್ಕ್ ಊಟಕ್ಕೆ ಬರುವುದು ನಾವು ನೀರಿಗಿಳಿಸುವ ಬಣ್ಣದ ಹಲಗೆಯನ್ನು ನೋಡಿ. ಇದಕ್ಕೆ ಹಳದಿ ಚೌಕ, ಅದಕ್ಕೆ ಕಪ್ಪು ವೃತ್ತ. ಅದರ ಮಟ್ಟಿಗೆ ಆ ಚೌಕವೇ ಹೆಸರು. ಆದರೂ ಪಾಲಕರು ತಮ್ಮತಮ್ಮಲ್ಲಿ ಹೆಸರಿಟ್ಟು ಕರೆಯುತ್ತಾರೆ, ನಾನೂ ಕರೆಯುತ್ತೇನೆ. ಬೆಳಗಿನ ಮಾತುಕತೆಯಲ್ಲಿ ಎಂಟಂಕಿಯ ಸಂಖ್ಯೆ ಹೇಳುವುದಕ್ಕಿಂತ ಅದು ಸಲೀಸು. ಸ್ಯಾನ್ ಫ್ರಾನ್ಸಿಸ್ಕೋದ ಸ್ಟೈನ್‌ಹಾರ್ಟ್ ಅಕ್ವೇರಿಯಂಗೆ 1938ರಲ್ಲಿ ಬಂದ ಆಸ್ಟ್ರೇಲಿಯದ ಶ್ವಾಸಕೋಶದ ಮೀನೊಂದನ್ನು ಮೆಥೂಸೆಲಾ ಎಂದು ಕರೆಯುತ್ತಾರೆ. ಡಿಎನ್‌ಎ ಪರೀಕ್ಷೆಯಿಂದ 2023ರಲ್ಲಿ ಅದರ ವಯಸ್ಸು 90 ದಾಟಿದೆ ಎಂದು ಅಂದಾಜಾಯಿತು. ಅಷ್ಟರಲ್ಲಿ ಪಾಲಕರ ಎಷ್ಟೋ ತಲೆಮಾರು ಬಂದುಹೋಗಿತ್ತು.

ಹೆಸರಿಡಬಾರದ ಸಂದರ್ಭವೂ ಉಂಟು. ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂ ತಾಯಿ ತಪ್ಪಿದ ಕಡಲ ನೀರುನಾಯಿ ಮರಿಗಳನ್ನು ಸಾಕುತಾಯಿಯ ಜೊತೆಗಿಟ್ಟು ಬೆಳೆಸಿ ಸಮುದ್ರಕ್ಕೆ ಬಿಡುತ್ತದೆ. ಆ ಮರಿಗಳಿಗೆ ಸಂಖ್ಯೆ ಮಾತ್ರ. ಅವು ಮನುಷ್ಯರ ಮುಖಕ್ಕೆ ಒಗ್ಗಬಾರದೆಂದು ಪಾಲಕರು ಮುಖ, ಮೈ ಮರೆಮಾಡಿಕೊಂಡು ಹತ್ತಿರ ಹೋಗುತ್ತಾರೆ. ಅಷ್ಟು ಜೋಪಾನ ಮಾಡಿದರೂ 841 ಎಂಬ ನೀರುನಾಯಿ 2023ರಲ್ಲಿ ಸಾಂಟಾ ಕ್ರೂಜ್ ತೀರದಲ್ಲಿ ಜನರ ಸರ್ಫ್ ಹಲಗೆಗಳನ್ನೇ ಏರಿ ಕೂರತೊಡಗಿತು. ಕಾಡಿಗೋ ಕಡಲಿಗೋ ಮರಳಬೇಕಾದ ಪ್ರಾಣಿಯ ಹೆಸರನ್ನು ಮಾರಾಟಕ್ಕಿಟ್ಟು, ಅದರ ಜೊತೆ ಫೋಟೊ ತೆಗೆಸಿಕೊಳ್ಳಲು ಕರೆಯುವ ಜಾಗವಿದ್ದರೆ ನಾನು ಒಂದು ಕಾಸೂ ಕೊಡುವುದಿಲ್ಲ.

ಮಕ್ಕಳ ಹೆಸರನ್ನೋ, ತೀರಿಕೊಂಡ ಆಪ್ತರ ಹೆಸರನ್ನೋ ಇಡಲು ಬರುವವರಿಗೆ ನಾನು ಮೊದಲೇ ಎರಡು ವಿಷಯ ಹೇಳುತ್ತೇನೆ. ಮೀನುಗಳಲ್ಲಿ ಗಂಡು ಹೆಣ್ಣು ಅನ್ನುವುದು ಕಡೆಯತನಕ ಒಂದೇ ಆಗಿರಬೇಕಿಲ್ಲ. ಕ್ಲೌನ್ ಮೀನುಗಳ ಗುಂಪಿನಲ್ಲಿ ಹೆಣ್ಣು ಸತ್ತರೆ ಹಿರಿಯ ಗಂಡೇ ಹೆಣ್ಣಾಗಿ ಬದಲಾಗುತ್ತದೆ. ಎರಡನೆಯದು ಆಯುಷ್ಯ. ನಿಮ್ಮ ವಿಷಯದಲ್ಲಿ ಮುಖ್ಯವಾದದ್ದು ಇದೇ.

ದೊಡ್ಡ ಪೆಸಿಫಿಕ್ ಆಕ್ಟೋಪಸ್ ಬದುಕುವುದು ಮೂರರಿಂದ ಐದು ವರ್ಷ. ಸಾಮಾನ್ಯ ಆಕ್ಟೋಪಸ್ ಆದರೆ ಒಂದೋ ಎರಡೋ ವರ್ಷ. ಜನ ನೋಡುವ ಟ್ಯಾಂಕಿಗೆ ಬರುವಾಗಲೇ ಆಯುಷ್ಯದ ಒಂದು ಭಾಗ ಕಳೆದಿರುತ್ತದೆ. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಊಟ ಬಿಡುತ್ತದೆ. ಮೊಟ್ಟೆ ಫಲಿತವಾಗದಿದ್ದರೂ ಅವುಗಳ ಮೇಲೆ ತಿಂಗಳುಗಟ್ಟಲೆ ನೀರೂದುತ್ತ ಕಾಯುತ್ತದೆ, ಹಾಗೇ ಸೊರಗಿ ಸಾಯುತ್ತದೆ. ಗಂಡೂ ಕೊನೆಗಾಲದಲ್ಲಿ ಊಟ ಬಿಟ್ಟು, ಮೈಮೇಲೆ ಬಿಳಿ ಗಾಯಗಳಾಗಿ, ಗೊತ್ತುಗುರಿಯಿಲ್ಲದೆ ಅಲೆಯುತ್ತದೆ. ಕಣ್ಣಿನ ಹಿಂಬದಿಯ ಗ್ರಂಥಿಯೊಂದು ಈ ಕೊನೆಯನ್ನು ಶುರುಮಾಡುತ್ತದೆ. ಇದು ಆರೈಕೆಯ ಕೊರತೆಯಲ್ಲ, ರೋಗವೂ ಅಲ್ಲ. ಯಾವ ವೈದ್ಯರೂ ಇದನ್ನು ತಡೆಯಲಾರರು. ಆಗ ನಾವು ಟ್ಯಾಂಕಿನ ಬೆಳಕು ತಗ್ಗಿಸುತ್ತೇವೆ, ಜನರ ಕಣ್ಣಿಂದ ಮರೆಮಾಡುತ್ತೇವೆ, ನರಳುತ್ತಿದೆ ಅನ್ನಿಸಿದರೆ ಅರಿವಳಿಕೆ ಕೊಟ್ಟು ಬೀಳ್ಕೊಡುತ್ತೇವೆ. ಸತ್ತ ಪ್ರಾಣಿಯ ಹೆಸರನ್ನೇ ಹೊಸದಕ್ಕೆ ಇಟ್ಟು ಏನೂ ಆಗದಂತೆ ಮುಂದುವರಿಸುವುದು ನನಗೆ ಹಿಡಿಸುವುದಿಲ್ಲ. ಅದು ಬದುಕಿದ್ದ ಜೀವಕ್ಕೂ ಅದನ್ನು ನೋಡಲು ಬರುತ್ತಿದ್ದ ಮಗುವಿಗೂ ಮಾಡುವ ಅಗೌರವ.

ಆದ್ದರಿಂದ ಹಣ ಕಟ್ಟುವ ಮುಂಚೆಯೇ ಮಗಳಿಗೆ ಹೇಳಿ. ಒಂಬತ್ತು ವರ್ಷದ ಮಕ್ಕಳಿಗೆ ಇದು ಅರ್ಥವಾಗುತ್ತದೆ, ಎಷ್ಟೋ ಸಲ ದೊಡ್ಡವರಿಗಿಂತ ಚೆನ್ನಾಗಿ. "ಆಕ್ಟೋಪಸ್ಸಿನ ಪೂರ್ತಿ ಜೀವನವೇ ಇಷ್ಟು. ಅದರೊಳಗೆ ಅದು ಬೆಳೆಯುತ್ತೆ, ಕಲಿಯುತ್ತೆ, ಮೊಟ್ಟೆ ಇಡುತ್ತೆ. ನಾವು ಕೊಡುವ ದುಡ್ಡು ಅದು ಇರುವಷ್ಟು ದಿನ ಅದರ ನೀರು ಚೆನ್ನಾಗಿರಲಿ ಅಂತ" ಎಂದು ನೇರವಾಗಿ ಹೇಳಿದರೆ ಸಾಕು. "ಸಮುದ್ರಕ್ಕೆ ವಾಪಸ್ ಹೋಯ್ತು" ಎಂದು ಸುಳ್ಳು ಹೇಳಬೇಡಿ. ಅವಳು ಮುಂದಿನ ಸಲ ಅಕ್ವೇರಿಯಂನ ಪಾಲಕರನ್ನೇ ಕೇಳುತ್ತಾಳೆ, ನಾವು ಮಕ್ಕಳಿಗೆ ಸುಳ್ಳು ಹೇಳುವುದಿಲ್ಲ.

ಕೂಡಿಹಾಕುವ ಬಗ್ಗೆ ನಿಮಗಿರುವ ಅಳುಕು ನ್ಯಾಯವಾದದ್ದು, ಅದನ್ನು ನಾನು ತಳ್ಳಿಹಾಕಲಾರೆ. ಪ್ರಾಯೋಜನೆಯ ಹಣ ಪಾಲನೆಯನ್ನು ಉತ್ತಮಗೊಳಿಸಬಹುದು, ಕೆಟ್ಟ ಸಂಸ್ಥೆಯನ್ನು ಬದುಕಿಸಲೂಬಹುದು. ವ್ಯತ್ಯಾಸ ತಿಳಿಯಲು ನಾನು ನೋಡುವುದು ಇಷ್ಟನ್ನು: ಹೊರಗಿನವರು ಬಂದು ಪರಿಶೀಲಿಸುವ ಮಾನ್ಯತೆ ಇದೆಯೇ (ಅಮೆರಿಕದ ಮೃಗಾಲಯ, ಅಕ್ವೇರಿಯಂಗಳ ಸಂಘವಾದ ಎಝಡ್ಎ ಕೊಡುವ ಮಾನ್ಯತೆಯನ್ನು ಐದು ವರ್ಷಕ್ಕೊಮ್ಮೆ ಹೊಸದಾಗಿ ಗಳಿಸಬೇಕು, ಯುರೋಪಿಗೆ ಅಂಥದೇ ಸಂಘ ಇಎಝಡ್ಎ ಇದೆ), ಪ್ರಾಣಿಗಳು ಎಲ್ಲಿಂದ ಬಂದವು ಎಂದು ಹೇಳುತ್ತಾರೆಯೇ, ರಕ್ಷಣೆ ಅಥವಾ ಸಂತಾನವೃದ್ಧಿಯ ಕೆಲಸ ಅವರಿಗಿದೆಯೇ. ಆಫ್ರಿಕನ್ ಪೆಂಗ್ವಿನ್ 2024ರಲ್ಲಿ, ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಅತ್ಯಂತ ಗಂಭೀರ ಅಪಾಯದ ಪಟ್ಟಿ ಸೇರಿತು. ಅಂಥ ಹಕ್ಕಿಯ ಸಾಕಣೆಗೆ ಒಂದು ಅರ್ಥವಿದೆ. ಹೆಸರಿಡುವವರ ಬೇಡಿಕೆ ಹೆಚ್ಚಾಯಿತೆಂದು ಕಡಲಿನಿಂದ ಇನ್ನಷ್ಟು ಹಿಡಿದು ತರಿಸುವ ಕಡೆ ಹಣ ಕೊಡಬೇಡಿ. ಪ್ರಾಯೋಜಕರಿಗೆ ಉಡುಗೊರೆಯೆಂದು ಪ್ರಾಣಿಯನ್ನು ಮುಟ್ಟಿಸುವ, ಎತ್ತಿಕೊಳ್ಳಲು ಬಿಡುವ ಕಡೆಯೂ ಬೇಡ.

ನಿಮ್ಮ ಮುಂದಿರುವ ದಾರಿಗಳಲ್ಲಿ ಅತಿ ಸುಲಭವಾದದ್ದು ಒಂದು ವರ್ಷದ ಸಾಂಕೇತಿಕ ದತ್ತು. ಅದರ ತೊಂದರೆ ಗೊಂಬೆ. ಗೊಂಬೆ, ಪೆಟ್ಟಿಗೆ, ಅಂಚೆ ಇವುಗಳಿಗೆ ನಿಮ್ಮ ಹಣದ ಒಂದು ಭಾಗ ಹೋಗುತ್ತದೆ. ಹಲವು ದೇಶಗಳಲ್ಲಿ ಗೊಂಬೆಯ ಬೆಲೆ ಕಳೆದು ಮಿಕ್ಕಿದ್ದಕ್ಕೆ ಮಾತ್ರ ತೆರಿಗೆ ವಿನಾಯಿತಿ. ಪ್ರಮಾಣಪತ್ರ ಮಾತ್ರ ಸಾಕು ಎಂದು ಹೇಳಲು ಅವಕಾಶವಿದ್ದರೆ ಅದನ್ನೇ ಆರಿಸಿ. ವರ್ಷ ಮುಗಿದ ಮೇಲೆ ತಾನಾಗಿಯೇ ಖಾತೆಯಿಂದ ಹಣ ಕಡಿತವಾಗುತ್ತದೆಯೇ ಎಂದೂ ನೋಡಿಕೊಳ್ಳಿ.

ಹೆಸರಿಡುವ ಹಕ್ಕು ದುಬಾರಿ, ಅದರಲ್ಲಿ ತಕರಾರು ಜಾಸ್ತಿ. ಹೆಸರು ಎಷ್ಟು ಕಾಲಕ್ಕೆ, ಫಲಕದ ಮೇಲೆ ಬರೆಯುತ್ತಾರೋ ಬರೀ ಪತ್ರದಲ್ಲೋ, ಸಂಸ್ಥೆ ಹೆಸರನ್ನು ತಿರಸ್ಕರಿಸಬಹುದೇ, ಪ್ರಾಣಿ ಬೇರೆ ಊರಿಗೆ ಹೋದರೆ ಅಥವಾ ಸತ್ತರೆ ಏನು ಅನ್ನುವುದೆಲ್ಲ ಬರಹದಲ್ಲಿರಲಿ. ಆಕ್ಟೋಪಸ್ಸಿಗೆ ಇದನ್ನು ನಾನು ಸಲಹೆ ಮಾಡುವುದಿಲ್ಲ. ಮಗಳಿಗೆ ಹೆಸರಿಡಲೇಬೇಕೆಂದಿದ್ದರೆ, ಆ ಅಕ್ವೇರಿಯಂ ಬಿಟ್ಟು ಹೋಗಲಾರದ, ಗಾಯಗೊಂಡು ಸಮುದ್ರಕ್ಕೆ ಮರಳಲಾಗದ ಕಡಲಾಮೆಯಂಥ ದೀರ್ಘಾಯುಷಿ ಇದೆಯೇ ಕೇಳಿ.

ನನ್ನ ಮನಸ್ಸಿಗೆ ಹೆಚ್ಚು ಒಪ್ಪುವುದು ಟ್ಯಾಂಕನ್ನೇ ಪ್ರಾಯೋಜಿಸುವುದು. ಕೆಲವು ಕಡೆ ಈ ಏರ್ಪಾಡು ಇರುತ್ತದೆ, ಇಲ್ಲದ ಕಡೆಯೂ ಕೇಳಿದರೆ ಮಾಡಿಕೊಡಬಹುದು. ಚಿಲ್ಲರ್‌ನ ನಿರ್ವಹಣೆಗೆ, ಲವಣಕ್ಕೆ, ಕ್ವಾರಂಟೈನ್ ಕೋಣೆಗೆ ಎಂದು ಕೊಡುವ ಹಣ ಪ್ರಾಣಿ ಬದಲಾದರೂ ವ್ಯರ್ಥವಾಗುವುದಿಲ್ಲ. ಈ ಆಕ್ಟೋಪಸ್ಸಿನ ನಂತರ ಅದೇ ತಣ್ಣೀರಿಗೆ ಇನ್ನೊಂದು ಬರುತ್ತದೆ, ನಿಮ್ಮ ಮಗಳು ಅದನ್ನೂ ಹೊಸದಾಗಿ ಪರಿಚಯ ಮಾಡಿಕೊಳ್ಳಬಹುದು. ಇದರ ಅಪಾಯ ಒಂದೇ, ಕೈಯಲ್ಲಿ ಹಿಡಿದು ತೋರಿಸಲು ಏನೂ ಇರುವುದಿಲ್ಲ. ಅದಕ್ಕೆ ಬದಲಾಗಿ ಟ್ಯಾಂಕಿನ ಹಿಂಬದಿಯನ್ನು ಒಮ್ಮೆ ತೋರಿಸಿ ಎಂದು ಕೇಳಿ. ಫಿಲ್ಟರ್, ಪಂಪ್, ಅಡುಗೆಮನೆ ನೋಡಿದ ಮಕ್ಕಳು ಗೊಂಬೆಯನ್ನು ಮತ್ತೆ ಕೇಳಿದ್ದನ್ನು ನಾನು ಕಂಡಿಲ್ಲ.

ಯಾವುದನ್ನೇ ಆರಿಸಿದರೂ ಹಣವನ್ನು ಅಕ್ವೇರಿಯಂನ ಕಚೇರಿಯಲ್ಲೋ ಅವರದೇ ಅಧಿಕೃತ ಖಾತೆಗೋ ಕಟ್ಟಿ. ಅಕ್ವೇರಿಯಂ ಹೆಸರು ಹೇಳಿಕೊಂಡು ಫೋನಿನಲ್ಲಿ, ಸಾಮಾಜಿಕ ಜಾಲತಾಣದಲ್ಲಿ ಹಣ ಕೇಳುವವರನ್ನು ನಂಬಬೇಡಿ. ಕಟ್ಟುವ ಮೊದಲು ಒಂದು ಇಮೇಲ್ ಬರೆಯಿರಿ: ಇದು ಯಾವ ಜಾತಿಯ ಆಕ್ಟೋಪಸ್, ವಯಸ್ಸೆಷ್ಟಿರಬಹುದು, ಎಲ್ಲಿಂದ ಬಂತು, ಪ್ರಾಯೋಜನೆಯ ಹಣ ಯಾವ ಖಾತೆಗೆ ಹೋಗುತ್ತದೆ, ಪ್ರಾಣಿ ಸತ್ತರೆ ನಮಗೆ ತಿಳಿಸುತ್ತೀರಾ. ನಿಜವಾಗಿ ಪ್ರಾಣಿ ನೋಡಿಕೊಳ್ಳುವವರಿಗೆ ಇವುಗಳ ಉತ್ತರ ಬರೆಯಲು ಹತ್ತು ನಿಮಿಷ ಸಾಕು. ಕೊನೆಯ ಪ್ರಶ್ನೆಯನ್ನು ತಪ್ಪಿಸಿ ಮಿಕ್ಕಿದ್ದಕ್ಕೆಲ್ಲ ಉತ್ತರಿಸಿದರೆ ಇನ್ನೊಮ್ಮೆ ಕೇಳಿ, ಆಗಲೂ ಜಾರಿಕೊಂಡರೆ ಬೇರೆ ಸಂಸ್ಥೆ ನೋಡಿ.